ಅಹಲ್ಯಾ ಅಳಿಸದ ಒಂದು ಸುತ್ತು

ಬೆಳಗಿನ ಆರೂವರೆ. ದೇಶದ ರಾಜಧಾನಿಯ ವಸಂತ್ ಕುಂಜ್ ಬಳಿಯ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅಹಲ್ಯಾ ಒಬ್ಬರೇ. ಜನವರಿಯ ಚಳಿಗೆ ಮರಗಟ್ಟಿದ ಬೆರಳುಗಳನ್ನು ಚಹಾದ ಲೋಟಕ್ಕೆ ಒತ್ತಿ ಹಿಡಿದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಗಾಜಿನ ಮೇಲಿರುವುದು ಕಾರವಾರದ ಕಡಲ ಮರಳಿನಿಂದ ಬಂದ ದುಂಡುಹುಳು. ಉದ್ದ ಎರಡು ಮಿಲಿಮೀಟರೂ ಇಲ್ಲ. ಯಾರ ಹೊಟ್ಟೆಯಲ್ಲೂ ಬಿಟ್ಟಿ ಬಿಡಾರ ಹೂಡದೆ ಸ್ವಂತ ದುಡಿದು ತಿನ್ನುವ ಜೀವ. "ಒಂಬತ್ತಕ್ಕೆ ಲಿಫ್ಟ್ ಓಡಾಡೋಕೆ ಶುರುವಾದ್ರೆ ಮೇಜು ಅದುರಿ ಹುಳುನೂ ಕುಣಿಯುತ್ತೆ. ಅಷ್ಟರೊಳಗೆ ಚಿತ್ರ ಮುಗೀಬೇಕು," ಎನ್ನುತ್ತಾರೆ.

ನಲವತ್ತೊಂಬತ್ತರ ಅಹಲ್ಯಾ ದಾವಣಗೆರೆಯವರು. ಮದುವೆಯಾಗಿ ಘಾಜಿಯಾಬಾದಿಗೆ ಬಂದು, ರಫ್ತಿನ ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಸೂತಿಗೆ ಚಿತ್ತಾರ ಬರೆದರು. ಕಾರ್ಖಾನೆ ಮುಚ್ಚಿದ ಮೇಲೆ 2001ರಲ್ಲಿ ಇಲ್ಲಿಗೆ, ಹುಳುಗಳ ಚಿತ್ರ ಬರೆಯಲು, ಆರಾರು ತಿಂಗಳ ಗುತ್ತಿಗೆಯ ಮೇಲೆ. ಏಳು ವರ್ಷದಿಂದ ಮೊದಲ ಲೋಕಲ್ ಟ್ರೈನು, ಆಮೇಲೊಂದು ಬಸ್ಸು. ದಿನಕ್ಕೆ ಹೆಚ್ಚೆಂದರೆ ಎರಡು ಚಿತ್ರ. "ಅಲ್ಲಿ ಅಂಚಿಗೆ ಒಂದು ಹೂ ಹೆಚ್ಚಾದ್ರೆ ಮೇಸ್ತ್ರಿ ಭಯ್ಯಾ 'ಅಚ್ಛಾ ಹೈ' ಅಂತಿದ್ರು. ಇಲ್ಲಿ ತಲೆ ಮೇಲೆ ಒಂದು ರೋಮ ಹೆಚ್ಚಾದ್ರೆ ಹುಳುವಿನ ಜಾತೀನೇ ಬದಲು!"

ಕಳೆದ ವರ್ಷ ಅಂಥದ್ದೇ ಆಯಿತು. ಸಂಶೋಧನಾ ವಿದ್ಯಾರ್ಥಿನಿ ಹಂಸಿನಿ ತಂದ ಹುಳುವಿಗೆ ಆಕೆಯ ಮಾರ್ಗದರ್ಶಕ ಪ್ರೊ. ಚಿದಂಬರ ಆಗಲೇ ಹಳೆಯ ಪ್ರಭೇದವೊಂದರ ಹೆಸರು ಗೊತ್ತುಮಾಡಿದ್ದರು. ಈ ಹುಳುಗಳ ತಲೆಯ ಎರಡೂ ಬದಿ ವಾಸನೆ ಹಿಡಿಯುವ ಸುರುಳಿ ಕುಳಿಗಳಿರುತ್ತವೆ. ಪುಸ್ತಕದ ಪ್ರಕಾರ ಸುರುಳಿಗೆ ಎರಡೂವರೆ ಸುತ್ತು. ಅಹಲ್ಯಾ ಬರೆದದ್ದು ಮೂರೂವರೆ. "ಒಂದು ಸುತ್ತು ಅಳಿಸಿಬಿಡಿ," ಎಂದರು ಪ್ರೊಫೆಸರ್. ಗುತ್ತಿಗೆ ಮುಗಿಯಲು ಮೂರೇ ವಾರವಿತ್ತು. ಮುಂದುವರಿಸುವ ಸಹಿ ಅವರದೇ. ಅಹಲ್ಯಾ ಅಳಿಸಲಿಲ್ಲ, ವಾದಿಸಲೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಇನ್ನೂ ಹದಿಮೂರು ಹುಳುಗಳನ್ನು ಬರೆದು ಅವರ ಮೇಜಿನ ಮೇಲಿಟ್ಟರು. ಎಲ್ಲದರಲ್ಲೂ ಮೂರೂವರೆ.

ಪ್ರೊಫೆಸರ್ ಒಂದು ದಿನವಿಡೀ ಸೂಕ್ಷ್ಮದರ್ಶಕ ಬಿಟ್ಟೇಳಲಿಲ್ಲ. ಸಂಜೆ ಬಂದು, "ತಪ್ಪು ನನ್ನದು, ಅಹಲ್ಯಾ ಅವರೇ. ಇದು ಹೊಸ ಪ್ರಭೇದ," ಎಂದರು. ಗುತ್ತಿಗೆಗೂ ಸಹಿ ಬಿತ್ತು. ಆ ಮಾತೆತ್ತಿದರೆ ಹಂಸಿನಿಗೆ ಈಗಲೂ ಕಣ್ಣು ತುಂಬುತ್ತದೆ. "ಆಂಟಿ ಅಳಿಸಿದ್ದಿದ್ರೆ ಸುಳ್ಳಿಗೇ ನಂಗೆ ಡಾಕ್ಟರೇಟ್ ಸಿಗ್ತಿತ್ತು. ಅವರ ಋಣ ದೊಡ್ಡದು." ಕಾಣದ್ದನ್ನೂ ಕಂಡಂತೆ ಬರೆದು ಹೊಟ್ಟೆ ಹೊರೆಯುವ ನಮ್ಮಂಥ ಪತ್ರಕರ್ತರೂ ಇವರಿಗೆ ಕೈಮುಗಿಯಬೇಕು.

ಅಚ್ಚಾದ ಪ್ರಬಂಧದಲ್ಲಿ, ಚಿತ್ರದ ಕೆಳಗೆ ಇರುವೆಗಾತ್ರದ ಅಕ್ಷರಗಳಲ್ಲಿ ಅವರ ಹೆಸರಿದೆ. ಹುಳುವಿಗೇ ನಿಮ್ಮ ಹೆಸರಿಡಬಹುದಿತ್ತಲ್ಲ ಎಂದರೆ ನಗುತ್ತಾರೆ. "ಕೇಳಿದ್ರು, ನಾನೇ ಬೇಡ ಅಂದೆ. ಮುಂದೆ ಯಾವುದೋ ದೇಶದಲ್ಲಿ ಯಾರಿಗೋ ಇದೇ ಹುಳು ಸಿಗುತ್ತೆ. ಅವರು ನನ್ನ ಚಿತ್ರ ಪಕ್ಕಕ್ಕಿಟ್ಟುಕೊಂಡು, ಸುತ್ತು ಎಣಿಸಿ, 'ಹೌದು, ಇದೇ' ಅಂದ್ರೆ ಸಾಕು ನನಗೆ."