ಧರ್ಮಕ್ಕ ಹೋದ ಚಿತ್ರಗಳು

ಹೋದ ವಾರ ರಾಮದುರ್ಗದಾಗ ನಮ್ಮ ಬಾಡಿಗಿ ಮನಿ ಕಿಡಕಿಗೆ ಬಣ್ಣಾ ಹಚ್ಚಾಕ ಪೇಂಟರ ಬಂದಿದ್ದ. ಡಬ್ಬಿ ಮುಚ್ಚಳಾ ಎಬ್ಬಿಸಿ ಟರ್ಪೆಂಟೈನ್ ಹಾಕಿದ್ದಷ್ಟ, ನಾ ಒಲಿ ಮ್ಯಾಲಿನ ಹಾಲು ಬಿಟ್ಟು ಹೊರಗ ಬಂದು ನಿಂತೆ. ಹಾಲು ಉಕ್ಕಿ ಹೋತು. ಆ ವಾಸನಿ ಮೂಗಿಗೆ ಬಡದ್ರ ನಾ ಈಗೂ ಹತ್ತು ವರ್ಷದಾಕಿ, ಬೈಲಹೊಂಗಲದ ನಮ್ಮ ಹಳೇ ಮನಿ ಕಟ್ಟಿ ಮ್ಯಾಲ ಫ್ರಾಕಿನ ತುಂಬ ಬಣ್ಣಾ ಬಡಕೊಂಡು ಕುಂತಿರತೇನಿ. ನಿಮಗೂ ಇಂಥಾದೊಂದು ವಾಸನಿ ಇದ್ದೀತು, ಎಲ್ಲೆರ ಬಂದ್ರ ಕಾಲು ತಾನ ನಿಲ್ಲೂವಂಥಾದ್ದು. ಆದ್ರ ನಂದು ಸವಿನೆನಪಲ್ಲ, ಮೊದಲ ಹೇಳಿಬಿಡತೇನಿ.

ಮಣ್ಣಿನ ಮಾಳಿಗಿ ಮನಿ ಅದು. ಒಳಗ ನಾವು, ಅಂದ್ರ ಅಪ್ಪ, ಅವ್ವ, ನಾನು, ಮತ್ತ ಎಲ್ಲಾರ ಮ್ಯಾಲೂ ಕಾರಭಾರ ಮಾಡೂ ನಮ್ಮ ಆಯಿ, ಅಪ್ಪನ ತಾಯಿ. ಮುಂದಿನ ಎರಡು ಖೋಲ್ಯಾಗ ಹುಸೇನ ಮಾಮಾ ಮತ್ತ ಅವನ ಮಗಳು ರೇಷ್ಮಾ. ಊರಾಗಿನ ಅರ್ಧಾ ಅಂಗಡಿ ಬೋರ್ಡು ಮಾಮಾನ ಕೈಯಿನವು. ಮಾಮಿ ಹಡ್ಯಾಕ ಹೋದಾಕಿ ತಿರುಗಿ ಬರಲಿಲ್ಲ, ಕೂಸು ಅಷ್ಟ ಬಂತು. ಅಂದಿನಿಂದ ಆಯಿನ ರೇಷ್ಮಾಗ ಎರದಾಕಿ, ಹೇನು ತಗದಾಕಿ, ನಮ್ಮಿಬ್ಬರಿಗೂ ಒಂದ ರಿಬ್ಬನ್ನ ಎರಡು ತುಂಡು ಮಾಡಿ ಜಡಿ ಹಾಕಿದಾಕಿ. ರೇಷ್ಮಾನ ತುಟಿ, ಉಗುರು ನೀಲಿ ಇರತಿದ್ವು. ಅವರಪ್ಪನ ಬಣ್ಣಾ ಹತ್ತೇತಿ ಅಂತನ ನಾವೆಲ್ಲಾ ತಿಳಕೊಂಡಿದ್ವಿ. ಆಯಿ ಒಮ್ಮೆ ಸೀಮೆಎಣ್ಣಿ ಹಚ್ಚಿ ಉಗುರು ತಿಕ್ಕಿದ್ಲು, ಹೋಗಲಿಲ್ಲ. ಆಮ್ಯಾಲ ಬೆಳಗಾವಿ ಡಾಕ್ಟರು ಹಾರ್ಟಿಗೆ ತೂತು ಐತಿ ಅಂದ್ರು, ದಸರಾದೊಳಗ ಆಪರೇಷನ್ ಆಗಬೇಕು ಅಂದ್ರು. ಈಗಿನಂಗ ಕಾರ್ಡು ತೋರಿಸಿದ್ರ ಆಪರೇಷನ್ ಆಗೂ ಕಾಲಾ ಅಲ್ಲ ಅದು.

ಮಂದಿ ಮುಂದ ಕೈ ಚಾಚಾಕ ಮಾಮಾನ ಮನಸು ಒಪ್ಪಲಿಲ್ಲ. ಆಯಿ ಒಂದು ದಾರಿ ತಗದ್ಲು. ಬ್ಯಾಸಗಿ ಸೂಟಿ ಐತಿ, ಓಣಿ ಹುಡುಗೂರನ್ನ ಕೂಡಿಸಿ ಚಿತ್ರಾ ಬರಿಯೂದು ಕಲಸು, ಅವು ಬರದದ್ದನ್ನ ಮಂದಿ ಒಯ್ಯಲಿ, ಕೈಲಾದಷ್ಟು ಡಬ್ಬಿಗೆ ಹಾಕಲಿ, ಏನರ ಕೊಟ್ಟು ಇಸಗೊಂಡ್ರ ಬೇಡಿದಂಗ ಆಗೂದಿಲ್ಲ ಅಂದ್ಲು. ಹಿಂಗ ನಮ್ಮ ಕಟ್ಟಿ ಮ್ಯಾಲ ಒಂದು ವಾರ ಹುಡುಗೂರ ಚಿತ್ರದ ಶಿಬಿರ ನಡೀತು. ಮಾಮಾ ಬೋರ್ಡಿನ ತಗಡಿನ ಚೂರು ಕತ್ತರಿಸಿ, ಅಂಚು ಕೈಗೆ ಹೆಟ್ಟಬಾರದಂತ ಮಡಚಿ ಕೊಟ್ಟ. ಅಂವ ಕಲಿಸೂ ರೀತಿನ ಬ್ಯಾರೆ. ಗೆರಿ ಎಳಿಯೂಮುಂದ ಉಸರು ಬಿಗಿ ಹಿಡೀಬೇಕು, ಗೆರಿ ಮುಗಿದ ಮ್ಯಾಲನ ಬಿಡಬೇಕು, ಇಲ್ಲಂದ್ರ ಕೈ ಅಳ್ಳಾಡತೈತಿ ಅಂತಿದ್ದ. ಹತ್ತೆಂಟು ಹುಡುಗೂರು ಗಲ್ಲಾ ಉಬ್ಬಿಸಿಕೊಂಡು ಕುಂತ್ರ ಕಟ್ಟಿ ಮ್ಯಾಲ ಒಂದು ಸಪ್ಪಳಾ ಇರತಿದ್ದಿಲ್ಲ. ರೇಷ್ಮಾಗ ಉಸರು ಹಿಡಿಯಾಕ ಆಗತಿದ್ದಿಲ್ಲ. ಆಕಿ ಬರದ ಬೆಳಗಾವಿ ಬಸ್ಸಿನ ಗೆರಿ ಎಲ್ಲಾ ಸೊಟ್ಟ. ಬಸ್ಸು ಓಡಾಕ ಹತ್ತೇತಿ, ಅದಕ್ಕ ನಡಗತೈತಿ ಅಂತಿದ್ಲು. ನಾ ಕಿತ್ತೂರ ಕೋಟಿ ಬರದಿದ್ದೆ, ಬಿದ್ದ ಗ್ವಾಡಿ ಎಲ್ಲಾ ನೆಟ್ಟಗ ನಿಲ್ಲಿಸಿ. ವಾಸನಿಗೆ ತಲಿ ನೋಯತಿತ್ತು, ಆದ್ರ ಮನಿಗೆ ಹೋಗೂ ಮನಸು ಯಾರಿಗೂ ಇರಲಿಲ್ಲ. ನನ್ನ ಬಾಳಿನಾಗ ಅಂಥಾ ಸುಖದ ವಾರ ಮತ್ತೊಂದು ಬರಲಿಲ್ಲ, ಅದನ್ನ ಹೇಳೂದಕ್ಕೂ ನನಗ ಸಿಟ್ಟು ಬರತೈತಿ.

ಕಡೀ ದಿನಾ ಬೋರ್ಡು ಬೇಕಾತು. ಊರಿಗೆಲ್ಲಾ ಬೋರ್ಡು ಬರದ ಮಾಮಾ ಕುಂಚಾ ನನ್ನ ಕೈಯಾಗ ಇಟ್ಟ. "ಸುಮಾ, ಇದೊಂದು ನೀ ಬರೀವಾ. ಮಗಳ ಹೆಸರು ಹಾಕಿ ಮಂದೀನ ಕರಿಯೂದು ನನ್ನ ಕೈಲೆ ಆಗೂದಿಲ್ಲ" ಅಂದ. ಮರುದಿನಾ ಊರಾಗ ಇರಾಕೂ ಅವಗ ಆಗಲಿಲ್ಲ, ರೇಷ್ಮಾನ ಕರಕೊಂಡು ಉಗರಗೋಳದ ಅಕ್ಕನ ಮನಿಗೆ ಹೋದ. ಏನಂತ ಬರೀಲಿ ಅಂತ ಆಯಿನ ಕೇಳಿದೆ. ಆಕಿಗೆ ಓದು ಬರಹ ಬರತಿದ್ದಿಲ್ಲ. ಹುಡುಗಿ ಹೆಸರು ಬ್ಯಾಡ, ರೋಗದ ಹೆಸರೂ ಬ್ಯಾಡ, ಮಕ್ಕಳು ಬರದ ಚಿತ್ರ, ಧರ್ಮಕ್ಕ, ಅಷ್ಟ ಬರಿ, ತಿಳಿಯೂ ಮಂದಿಗೆ ತಿಳೀತೈತಿ ಅಂದ್ಲು. ನಾ ಉಸರು ಬಿಗಿಹಿಡದು ಕೆಂಪು ಬಣ್ಣದಾಗ ಹಂಗ ಬರದೆ. ಡಬ್ಬಿ ಒಳಗ ಪಡಸಾಲ್ಯಾಗ ಇಟ್ರು. ಕೊಡೂವರ ಮುಖಾ ನೋಡಬಾರದು ಅನ್ನೂದು ಆಯಿ ಪದ್ಧತಿ, ಅದಕ್ಕ ಡಬ್ಬಿ ಕಡೆ ಬೆನ್ನು ಮಾಡಿ ಅಡಗಿಮನ್ಯಾಗ ಕುಂತ್ಲು. ಚಿತ್ರಾ ಹೊರಗ ಕಟ್ಟಿ ಮ್ಯಾಲ ಹಗ್ಗಕ್ಕ ಕಟ್ಟಿದ್ವಿ, ಬಿಚ್ಚಿ ಕೊಡೂದು ನನ್ನ ಕೆಲಸ.

ಸಂತಿ ದಿನಾ ಅದು. ಮಂದಿ ಬಂದದ್ದ ಬಂದದ್ದು. ಮೊದಲು ಬಂದಾಕಿ ಎದುರು ಮನಿ ಗಿರಿಜಕ್ಕ. "ಧರ್ಮಕ್ಕೇನವಾ?" ಅಂತ ಕೇಳಿದ್ಲು. ನಾ ಎದಿ ಉಬ್ಬಿಸಿ, "ಹೂನ್ರಿ, ಎಲ್ಲಾ ಧರ್ಮಕ್ಕ" ಅಂದೆ. ಆಕಿ ಹಗ್ಗದ ಆ ತುದಿಯಿಂದ ಈ ತುದಿತನಕ ನೋಡಿ, ಉಗುರಿಲೆ ಬಣ್ಣಾ ಕೆರದು, ಇದರಕಿಂತ ದೊಡ್ಡದು ಇಲ್ಲೇನು ಅಂದ್ಲು. ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳಾ ಹಾಕಿದ್ಲಂತ, ಹಂಗ. ರಿಟಾಯರಾದ ಮಾಸ್ತರೊಬ್ಬರು ಕನ್ನಡಕಾ ಏರಿಸಿ ಬೋರ್ಡು ಓದಿ, ಧರ್ಮಕ್ಕ ಅಲ್ಲ, ಧರ್ಮಕ್ಕೆ ಅಂತ ಬರೀಬೇಕು, ಕಡೀ ಅಕ್ಷರಕ್ಕ ಏತ್ವ ಕೊಡು ಅಂತ ತಿದ್ದಿಸಿದ್ರು. ತಿದ್ದಿಸಿ ಎರಡು ಚಿತ್ರಾ ಒಯ್ದ್ರು. ಎಲ್ಲಾರೂ ಧರ್ಮಕ್ಕೇನು ಅಂತನ ಕೇಳಿದ್ರು, ಎಲ್ಲಾರಿಗೂ ನಾ ಹೂನ್ರಿ ಅಂದೆ. ಒಬ್ಬರರ ಪುಕಟೇನು ಅಂತ ಕೇಳಿದ್ರ ನನಗ ಹೊಳೀತಿತ್ತು. ಆ ಮಾತು ಒಬ್ಬರೂ ಅನ್ನಲಿಲ್ಲ. ಗದ್ದಲದಾಗ ಒಳಗ ಹೋಗಿ ಡಬ್ಬಿಗೆ ಹಾಕಿ ಬಂದಿರತಾರ ಅಂತ ನಾ ತಿಳದೆ. ಹಗ್ಗ ಖಾಲಿ ಆದಂಗ ಕುಣದಾಡಿದೆ.

ಹೊತ್ತು ಮುಳಗೂಮುಂದ ಆಯಿ ಡಬ್ಬಿ ತಂದು ತಗದ್ಲು. ಚಿಲ್ಲರ ರೊಕ್ಕಾ ಇತ್ತು, ಡಬ್ಬಿ ತಳಾ ಸುದ್ದಾ ಮುಚ್ಚಿರಲಿಲ್ಲ. ಅಪ್ಪ ಅಡತಿ ಅಂಗಡಿಯಿಂದ ಬಂದಾಂವ ಬೋರ್ಡು ನೋಡಿ ಹಣಿ ಬಡಕೊಂಡ. ದಾನಕ್ಕೂ ಧರ್ಮಕ್ಕ ಅಂತೀವಿ, ಪುಕಟ ಸಿಕ್ಕದ್ದಕ್ಕೂ ಧರ್ಮಕ್ಕ ಸಿಕ್ಕಿತು ಅಂತೀವಿ. ಆಯಿ ಒಂದು ಅರ್ಥದಾಗ ಹೇಳಿದ್ಲು, ಊರು ಇನ್ನೊಂದು ಅರ್ಥದಾಗ ಓದಿತು. ಆಯಿ ನನಗ ಬೈಯಲಿಲ್ಲ. "ಅದು ನನ್ನ ಬಾಯಿಂದ ಬಂದ ಮಾತು. ನಿಂದೇನು ತಪ್ಪಿಲ್ಲ" ಅಂದ್ಲು. ಬೈದಿದ್ರ ಛಲೋ ಇತ್ತು.

ಮರುದಿನಾ ಅಪ್ಪ ನನ್ನ ಕರಕೊಂಡು ಮನಿ ಮನಿ ತಿರುಗಿದ. ಕೆಲವರು ಪಾಪ ಅಂದು ಒಂದೀಟು ಕೊಟ್ರು. ಗಿರಿಜಕ್ಕ, ನಿಮ್ಮ ಹುಡುಗೀನ ಕೇಳೇ ಒಯ್ದೇವಿ, ಧರ್ಮಕ್ಕ ಅಂತ ಆಕಿನ ಬಾಯಿಲೆ ಹೇಳ್ಯಾಳ ಅಂದ್ಲು. ಸುಳ್ಳಂತೂ ಅಲ್ಲ. ಆದ್ರ ಕಟ್ಟಿ ಮ್ಯಾಲ ಒಂದು ವಾರ ಏನು ನಡೀತು, ಯಾರ ಸಲುವಾಗಿ ನಡೀತು ಅನ್ನೂದು ಆಕಿಗೆ ಗೊತ್ತಿತ್ತು. ಆಕಿ ಮಗನ ನಮ್ಮ ಜೋಡಿ ಕುಂತು ಎತ್ತು ಬರದಿದ್ದ. ಓಣಿಗೆಲ್ಲಾ ಗೊತ್ತಿತ್ತು. ಬೋರ್ಡಿನ ಮಾತು ಅವರಿಗೆ ನೆವಾ ಆತು, ಅಷ್ಟ. ನಾಲ್ಕು ಮನಿ ಆಗೂದ್ರಾಗ ಮಾಮಾ ಉಗರಗೋಳದಿಂದ ಬಂದು ಅಪ್ಪನ ಕೈ ಹಿಡದ. "ಅಣ್ಣಾ, ಸಾಕು ಮಾಡ್ರಿ. ಬೋರ್ಡಿನ ಮ್ಯಾಲ ಬಂದ ಮಾತು ಮುಗೀತು. ಬರದದ್ದನ್ನ ನಾ ಎಂದೂ ತಿರುಗಿ ಅಳಿಸಿದಾಂವಲ್ಲ" ಅಂದ. ಅಪ್ಪ ನನ್ನ ಕರಕೊಂಡು ಮನಿಗೆ ತಿರುಗಿದ. ದೊಡ್ಡ ಮಾತು ಅಂತ ಊರಾಗ ಮೆಚ್ಚಿದ್ರು. ನಾ ಮೆಚ್ಚಲಿಲ್ಲ, ಇವತ್ತಿಗೂ ಮೆಚ್ಚೂದಿಲ್ಲ. ಮಗಳ ಜೀವಾ ಹೋಗೂ ಹೊತ್ತಿನ್ಯಾಗ ಆ ಮಾನಾ ತಗೊಂಡು ಏನು ಸುಡೂದು.

ಅಪ್ಪ, ಮಾಮಾ ಇಬ್ಬರೂ ಆಮ್ಯಾಲ ಸಾಲಾ ಕೇಳಾಕ ಕಂಡಕಂಡವರ ಬಾಗಲಕ್ಕ ಹೋದ್ರು, ಆಗೂವಷ್ಟು ಆಗಲಿಲ್ಲ. ಶ್ರಾವಣದಾಗ ಒಂದು ಮುಂಜಾನೆ ರೇಷ್ಮಾ ಏಳಲಿಲ್ಲ. ಮಾಮಾ ಖೋಲಿ ಬಿಟ್ಟು ಉಗರಗೋಳಕ್ಕ ಹೋದ. ಅಲ್ಲೆ ದೇವಿ ಗುಡ್ಡಕ್ಕ ಬರೂ ಮಂದಿಗಂತ ಇಟ್ಟ ಬಳಿ ಅಂಗಡಿ, ಕುಂಕುಮದ ಅಂಗಡಿಗೆ ಬೋರ್ಡು ಬರಕೊಂಡಿದ್ದ. ಫ್ಲೆಕ್ಸು ಬಂದ ಮ್ಯಾಲ ಅದೂ ನಿಂತಿತು, ಅಂವನೂ ಹೋದ. ಆಯಿ ಅದಕ್ಕೂ ಮೊದಲ ಹೋಗಿದ್ಲು. ಮನಿ ಮಾರಿದ್ವಿ, ಈಗ ಅಲ್ಲೆ ಮೊಬೈಲ ಅಂಗಡಿ ಐತಿ. ಆ ಮಾಳಿಗಿ, ಆ ಕಟ್ಟಿ, ಒಲಿ ಮುಂದ ಆಯಿ ಕೆಮ್ಮೂ ಸಪ್ಪಳಾ ನೆನಪಿಟ್ಟವರು ಊರಾಗ ಇನ್ಯಾರೂ ಇಲ್ಲ. ಮನಿ ಹೋದದ್ದಕ್ಕ ನಾ ಅತ್ತೇನಿ, ಮಂದಿ ಮುಂದ ಹೇಳಿಕೊಂಡೂ ಅತ್ತೇನಿ. ಹೇಳದ ಉಳದದ್ದು ಇದೊಂದ.

ಉಗರಗೋಳದಿಂದ ಬಂದ ದಿನಾ ರೇಷ್ಮಾ ನನ್ನ ಹಂತ್ಯಾಕ ಬಂದು, ಚಿತ್ರಾ ಒಂದೂ ಉಳೀಲಿಲ್ಲಂತಲ್ಲಾ, ನಂದೂ ಹೋತೇನು ಅಂತ ಕೇಳಿದ್ಲು. ಹೋತು ಅಂದೆ. ಆಕಿ ಮುಖಾ ಅರಳಿದ್ದು ನೋಡಿದ್ರ ನಿಮಗೂ ಖರೆ ಹೇಳಾಕ ಆಗತಿದ್ದಿಲ್ಲ. ಹಂಗಾರ ಆಪರೇಷನ್ನಿಗೆ ಎಂದು ಹೋಗೂದು ಅಂದ್ಲು. ಬರೂ ವಾರ ಅಂದೆ. ಆ ವಾರ ಹೋತು, ಮತ್ತ ಕೇಳಿದ್ಲು, ಮತ್ತ ಬರೂ ವಾರ ಅಂದೆ. ಮಳಿ ಹತ್ತಿತು. ಆಕಿ ಮೆಟ್ಟಲಾ ಹತ್ತೂದು ಬಿಟ್ಲು, ಸಾಲಿಗೆ ಬರೂದು ಬಿಟ್ಲು, ಕೇಳೂದನ್ನೂ ಬಿಟ್ಲು. ಒಂದು ದಿನಾ ನಾ ಆಕಿ ಹಾಸಿಗಿ ಬಾಜು ಕುಂತು, ಯಾಕೋ ತಡೀಲಾರದ, ಅಳಾಕ ಚಾಲೂ ಮಾಡಿದೆ. ಆಕಿ ಕೈ ಚಾಚಿ ನನ್ನ ಕಣ್ಣು ಒರಸಿದ್ಲು. ದಮ್ಮು ಸಾಲದ, ತಡದು ತಡದು ಆಕಿನ ನನಗ ಅಂದ್ಲು: "ಅಳಬ್ಯಾಡ ಸುಮಾ. ಬರೂ ವಾರ ಹೋಗತೇವಿ."