ಜಾಲರಿಯ ಕೆಳಗಿನ ಸದ್ದು

"ಅಮ್ಮಾ, ಆ ಅಜ್ಜಿ ನೆಲಕ್ಕೆ ಕಿವಿ ಕೊಟ್ಟು ಯಾರ ಮಾತು ಕೇಳ್ತಿದಾರೆ?"

ಮಗಳು ಕೇಳಿದ ಮೇಲೆಯೇ ತಾಯಿ ಅತ್ತ ತಿರುಗಿದ್ದು. ಹೊಸ ಬಡಾವಣೆಯ ಬೀದಿಯ ನಟ್ಟನಡುವೆ, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ, ನಗರಸಭೆಯ ಇಂಜಿನಿಯರಮ್ಮ ಬೋರಲು ಮಲಗಿದ್ದರು. ಚರಂಡಿ ಗುಂಡಿಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಅವರ ತಲೆ ಅರ್ಧ ಒಳಗಿತ್ತು.

"ನೀರಿನ ಮಾತು, ಪುಟ್ಟಿ," ಗುಂಡಿಯೊಳಗಿಂದಲೇ ಉತ್ತರ ಬಂತು. "ಇನ್ನೂ ಬಾಯಿ ಬಿಟ್ಟಿಲ್ಲ ಅದು."

ಅದು ಬಾಯಿ ಬಿಡುವ ತನಕ ಯಾರಿಗೂ ಮನೆಯ ಕೀಲಿ ಸಿಗುವ ಹಾಗಿರಲಿಲ್ಲ. ಮಳೆನೀರಿನ ಚರಂಡಿ, ಕುಡಿಯುವ ನೀರಿನ ಕೊಳವೆ, ಕರೆಂಟಿನ ತಂತಿ ಎಲ್ಲವೂ ನಿಯಮದಂತಿವೆ ಎಂದು ಇಂಜಿನಿಯರಮ್ಮ ಸಹಿ ಹಾಕಬೇಕು. ತಾಯಿಗೋ ಕಾಲ ಕೆಳಗೆ ಬೆಂಕಿ. ಬಾಡಿಗೆ ಮನೆಯವರು ತಿಂಗಳ ಕೊನೆಗೆ ಬಿಡಿ ಎಂದಿದ್ದರು. ಪಾತ್ರೆ ಪಡಗ ಪೆಟ್ಟಿಗೆ ಸೇರಿ, ಮಗಳಿಗೆ ಹಾಲು ಕಾಯಿಸುವುದೊಂದೇ ಹೊರಗುಳಿದಿತ್ತು. ಅವರು ಕೊಂಡದ್ದು ಬೀದಿಯ ಕಟ್ಟಕಡೆಯ, ಎಲ್ಲಕ್ಕಿಂತ ತಗ್ಗಿನ ಮನೆ. 'ಹಾಕಿಬಿಡಬಾರದೇ ಒಂದು ಸಹಿ' ಎಂದು ಅವಳ ಮನಸ್ಸು ದಿನವೂ ಗೊಣಗುತ್ತಿತ್ತು.

ಇಂಜಿನಿಯರಮ್ಮ ಜಗ್ಗುವವರಲ್ಲ. ಅಲ್ಲಲ್ಲಿ ಅಗೆಸಿ, ಕುಡಿಯುವ ನೀರಿನ ಕೊಳವೆ ಹೊಲಸು ನೀರಿನದರಿಂದ ದೂರವೇ ಇದೆಯೇ ಎಂದು ಟೇಪು ಹಿಡಿದು ನೋಡಿದ್ದರು. ಮಾತಿಗೊಮ್ಮೆ ಇಳಿಜಾರು, ಇಳಿಜಾರು ಎನ್ನುತ್ತಿದ್ದುದಕ್ಕೆ ಜನ ಅವರನ್ನು 'ಇಳಿಜಾರು ಮೇಡಂ' ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ಬೀದಿಯ ಮೇಲ್ತುದಿಯ ಮನೆ ಕೊಂಡ ಮಾವ. ನೆಂಟರಲ್ಲ, ಆದರೂ ಎಲ್ಲರಿಗೂ ಮಾವನೇ.

"ಮಳೆ ಇನ್ನೂ ಎಲ್ಲೋ ಇದೆ, ಮೇಡಂ ಈಗಲೇ ಕೊಡೆ ಬಿಚ್ಕೊಂಡು ನಿಂತಿದಾರೆ," ಎಂದರು ಮಾವ.

"ಮೇಲಿರೋರಿಗೆ ಕೊಡೆ ಸಾಕು ಸ್ವಾಮಿ, ಕೆಳಗಿರೋರಿಗೆ ದೋಣಿ ಬೇಕಾಗುತ್ತೆ," ಎಂದು ಎದ್ದು ಮಣ್ಣು ಕೊಡವಿಕೊಂಡರು ಇಂಜಿನಿಯರಮ್ಮ. "ಟ್ಯಾಂಕರ್ ಬಿಡ್ರಪ್ಪಾ!"

ಮೇಲ್ತುದಿಯ ಗುಂಡಿಗೆ ಟ್ಯಾಂಕರ್ ನೀರು ಧೋ ಎಂದು ಸುರಿಯಿತು. ಎಲ್ಲರೂ ಕೆಳಗೆ ಕೆರೆಯಂಚಿಗೆ ಹೋಗಿ, ಚರಂಡಿ ಕೊಳವೆಯ ಬಾಯಿಯನ್ನೇ ನೋಡುತ್ತ ನಿಂತರು. ಒಂದು ಹನಿಯೂ ಬರಲಿಲ್ಲ.

"ಹೊಸ ಮಣ್ಣು ಮೇಡಂ, ಕುಡಿದುಬಿಟ್ಟಿರುತ್ತೆ," ಎಂದ ಗುತ್ತಿಗೆದಾರ.

"ಮಣ್ಣು ಕುಡಿಯುತ್ತೆ ರೀ, ಕಾಂಕ್ರೀಟ್ ಕೊಳವೆ ಕುಡಿಯುತ್ತಾ?"

ಅಷ್ಟರಲ್ಲಿ ಮಗಳು ಕೂಗಿದಳು. "ಅಮ್ಮಾ, ನಮ್ಮನೆ ಹತ್ರ ನೀರು!"

ತಾಯಿ ಓಡಿದಳು. ಅವರ ಮನೆಯ ಮುಂದಿನ ಚರಂಡಿ ಜಾಲರಿಯಿಂದ ಕೆಸರುನೀರು ಉಕ್ಕುತ್ತಿತ್ತು. ಅವಸರವಿಲ್ಲದೆ, ಗುರುತಿನ ಮನೆಗೆ ಬಂದಂತೆ, ಮೆಟ್ಟಿಲು ಹತ್ತಿ ಹೊಸ್ತಿಲಿಗೆ ಬಂದು ನಿಂತಿತು. ಒಳಗಿನ ಆ ಮೊದಲ ಕೋಣೆಯ ಕಿಟಕಿಯ ಕೆಳಗೆ ಮಗಳ ಹಾಸಿಗೆ ಹಾಕುವುದೆಂದು ಅವಳು ಎಂದೋ ಗೊತ್ತುಮಾಡಿದ್ದಳು. ಒಂದು ಟ್ಯಾಂಕರಿಗೆ ಹೀಗಾದರೆ, ರಾತ್ರಿಯಿಡೀ ಮಳೆ ಹೊಯ್ದರೆ? ಸಹಿಯ ಮಾತು ಮರೆತು, ಮಗಳ ಕೈ ಹಿಡಿದು ಹಿಂದಕ್ಕೆಳೆದುಕೊಂಡಳು.

ಇಂಜಿನಿಯರಮ್ಮ ಯಾರ ಮೇಲೂ ರೇಗಲಿಲ್ಲ. ಕೊನೆಯ ಗುಂಡಿಯ ಬಳಿ ಮತ್ತೆ ಬೋರಲಾದರು. "ಆ ಜಾಲರಿವರೆಗೂ ಸದ್ದಿದೆ. ಇಲ್ಲಿ ಉಸಿರೇ ಇಲ್ಲ. ಏನು ತುರುಕಿದೀರಿ ಇದರೊಳಗೆ?"

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಅಯ್ಯೋ, ಸಿಮೆಂಟ್ ಚೀಲ! ಕೆಲಸ ನಡೀವಾಗ ಮಣ್ಣು ಹೋಗದಿರಲಿ ಅಂತ ನಾನೇ ತುರುಕಿದ್ದೆ ಮೇಡಂ. ತೆಗೆಯೋದು ಮರೆತೇಹೋಯ್ತು."

"ಚೆನ್ನಾಗಿ ಜೋಪಾನ ಮಾಡಿದೀಯ," ಎಂದರು ಇಂಜಿನಿಯರಮ್ಮ. "ಕೊಕ್ಕೆ ತಗೊಂಬಾ."

ಉದ್ದನೆಯ ಕೊಕ್ಕೆ ಇಳಿಯಿತು. ನಾಲ್ವರು ಜಗ್ಗಿದರು. ಚೀಲ ಕಿತ್ತು ಬಂದದ್ದೇ ತಡ, ನೆಲದೊಳಗಿಂದ ಒಂದು ಗುಡುಗು ಎದ್ದಿತು. ಹೊಸ್ತಿಲಿಗೆ ಬಂದಿದ್ದ ನೀರು, ಕರೆದರೆ ತಿರುಗುವ ಕರುವಿನಂತೆ, ಸರಸರನೆ ಜಾಲರಿಯೊಳಗೆ ಹಿಂತಿರುಗಿತು. ಕೆರೆಯಂಚಿನ ಕೊಳವೆ ಮೊದಲು ಕೆಮ್ಮಿತು, ಕೆಸರುಗುಳಿತು, ಆಮೇಲೆ ತಿಳಿನೀರು.

"ಅಮ್ಮಾ, ಓಡ್ತಿದೆ! ಒಳಗಡೆ ಓಡ್ತಿದೆ!" ಮಗಳು ರಸ್ತೆಗೆ ಕಿವಿ ಒತ್ತಿ ಮಲಗಿದ್ದಳು.

ತಾಯಿಯೂ ಮಂಡಿಯೂರಿದಳು. ಕೆನ್ನೆಗೆ ಬಿಸಿ ರಸ್ತೆ. ಅದರಡಿ ತಣ್ಣಗೆ ಓಡುವ ಒಂದು ಹೊಳೆ. ತಳ್ಳಲು ಮೋಟಾರಿಲ್ಲ, ದಾರಿ ತೋರಿಸಲು ಯಾರಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರನ್ನು ನಂಬಿ, ಎಲ್ಲ ಮನೆಗಳ ಮುಂದೂ ಹಾದು, ನೀರು ತನ್ನ ಪಾಡಿಗೆ ಕೆರೆಗೆ ಹೋಗುತ್ತಿತ್ತು. ಇಷ್ಟು ದಿನ ಅವಳು ಗೋಡೆಯ ಬಣ್ಣ ನೋಡಿದ್ದಳು, ಅಡುಗೆಮನೆಯ ಕಟ್ಟೆ ಸವರಿದ್ದಳು. ಮನೆ ನಿಂತಿರುವುದು ಇದರ ಮೇಲೆ ಎಂಬುದು ಹೊಳೆದೇ ಇರಲಿಲ್ಲ. ತಲೆಯೆತ್ತಿದರೆ, ಅತ್ತ ಮಾವನೂ ಕನ್ನಡಕ ಕೈಯಲ್ಲಿ ಹಿಡಿದು ಬಗ್ಗಿದ್ದರು.

"ಇನ್ನೊಂದು ಟ್ಯಾಂಕರ್ ನೋಡೋಣ," ಎಂದರು ಇಂಜಿನಿಯರಮ್ಮ. ಈ ಸಲ ಮಾವನೇ ಹೋಗಿ ಟ್ಯಾಂಕರಿನ ನಲ್ಲಿ ತಿರುಗಿಸಿದರು. ಹೊಸ್ತಿಲಿಗೆ ಮತ್ತೆ ನೀರು ಬರಲಿಲ್ಲ.

ಸಹಿಯಾದ ಮೇಲೆ ಇಂಜಿನಿಯರಮ್ಮ ತಾಯಿಯ ಹೊಸ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡರು.

"ನಿನ್ನಿಂದ ಒಂದು ಉಪಕಾರ ಆಗ್ಬೇಕಲ್ಲಮ್ಮ."

"ಹೇಳಿ ಮೇಡಂ."

"ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಟ್ಯಾಂಕರ್ ನೀರಿನ ಸದ್ದೇ. ಬಿಸಿಲಲ್ಲಿ ಬರೋದು, ಸಹಿ ಹಾಕೋದು. ಮಳೆ ಬರೋ ಹೊತ್ತಿಗೆ ಇನ್ನೊಂದು ಬಡಾವಣೆ. ಈ ತಿಂಗಳಿಗೆ ನನ್ನ ಕೆಲಸವೂ ಮುಗೀತು, ದೂರದಲ್ಲಿ ತಮ್ಮನ ಮನೆಗೆ ಹೊರಟಿದೀನಿ." ಅವರು ಜಾಲರಿಯ ಕಡೆ ಕೈ ತೋರಿಸಿದರು. "ಮೊದಲನೇ ಜೋರು ಮಳೆ ಹುಯ್ದಾಗ ನನಗೊಂದು ಫೋನ್ ಮಾಡು. ಮಾತೇನೂ ಬೇಡ. ಫೋನನ್ನ ಅದರ ಹತ್ರ ಹಿಡಿ, ಸಾಕು."