ಬೆಳಕು ನೋಡಲು ಕೂತವರು

ಮದುವೆ ಫೋಟೋ ತೆಗೆಸಬೇಕೆಂದು ಯಾರಾದರೂ ನಮ್ಮ ಸ್ಟುಡಿಯೋ ಮೆಟ್ಟಿಲು ಹತ್ತಿದರೆ ನಮ್ಮಕ್ಕ ಮೊದಲು ತಾರೀಖು ಕೇಳುವುದಿಲ್ಲ. ನಿಮ್ಮಲ್ಲಿ ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ ಎಂದು ಕೇಳುತ್ತಾಳೆ. ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಮೆಲ್ಲಗೆ ಬಾಯಿ ಬಿಡುತ್ತಾರೆ: ದೊಡ್ಡಪ್ಪನಿಗೂ ಸೋದರಮಾವನಿಗೂ ಆಗಿಬರುವುದಿಲ್ಲ, ಚಿಕ್ಕಮ್ಮಂದಿರಿಬ್ಬರು ಎಣ್ಣೆ ಸೀಗೆಕಾಯಿ. ಅಕ್ಕ ಅದನ್ನೆಲ್ಲ ತಲೆಯಲ್ಲಿಟ್ಟುಕೊಂಡು, ಗುಂಪು ಫೋಟೋಗೆ ನಿಲ್ಲಿಸುವಾಗ ಅಂಥವರ ನಡುವೆ ಒಬ್ಬ ದಪ್ಪನೆಯ ನೆಂಟನನ್ನು ತಂದು ನಿಲ್ಲಿಸುತ್ತಾಳೆ. ಜಗಳ ಹಾಗೇ ಇರುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ ಅಷ್ಟೆ.

ಸ್ಟುಡಿಯೋ ಎಂದರೆ ಮಹಡಿಯ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಸೋಫಾ, ಫೋನು ಮತ್ತು ನಾನು. ಹಿಂದಿನದರಲ್ಲಿ ಕಂಪ್ಯೂಟರು ಮತ್ತು ಭಾವ. ಗಿರಾಕಿಗಳ ಫೋನಿಗೆ ಉತ್ತರ ಹೇಳುವುದು ನನ್ನ ಕೆಲಸ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಿದ್ದೂ ನನ್ನನ್ನು ಅಲ್ಲಿ ಕೂರಿಸಿದ್ದು ಅಕ್ಕನ ಧೈರ್ಯ. ಆಲ್ಬಮ್ ಯಾವಾಗ ಕೊಡುತ್ತೀರಿ ಎನ್ನುವವರು, ಮುಖ ತೆಳ್ಳಗೆ ಮಾಡಿಕೊಡಿ ಎನ್ನುವವರು, ಗಂಡಿನ ಕಡೆಯವರ ಫೋಟೋನೇ ಜಾಸ್ತಿ ಬಂದಿದೆ ಎಂದು ಗೊಣಗುವವರು, ಎಲ್ಲರೂ ಮೊದಲು ನನ್ನ ತಲೆ ತಿಂದು ಆಮೇಲೆ ಅಕ್ಕನ ಬಳಿ ಹೋಗುತ್ತಾರೆ. ಅವಳು ಎರಡು ಮಾತಾಡುವಷ್ಟರಲ್ಲಿ ತಣ್ಣಗಾಗುತ್ತಾರೆ. ಅದು ಹೇಗೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಭಾವ ಮೊದಲು ಬಿಸ್ಕತ್ ಕಾರ್ಖಾನೆಯಲ್ಲಿದ್ದರು. ಸಾಲಾಗಿ ಬರುವ ಬಿಸ್ಕತ್ತುಗಳಲ್ಲಿ ಮುರಿದದ್ದು, ಸೀದದ್ದು ಕಂಡರೆ ಎತ್ತಿ ಹಾಕುವುದು ಅವರ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಅದೇ ಕಣ್ಣನ್ನು ಇಲ್ಲಿಗೆ ತಂದರು. ಅಕ್ಕ ತೆಗೆದ ರಾಶಿ ಫೋಟೋಗಳಲ್ಲಿ ಮಸುಕಾದದ್ದು, ಬಾಯಿ ತೆರೆದದ್ದು, ಕಣ್ಣು ಮುಚ್ಚಿದ್ದು, ಎಲ್ಲವೂ ಅವರಿಗೆ ಕಸ. ಆಲ್ಬಮ್ ಅಚ್ಚಾದ ಮೇಲೆ ಕಸವನ್ನೆಲ್ಲ ಅಳಿಸಿಬಿಡುತ್ತಾರೆ, ಮುಂದಿನ ಮದುವೆಗೆ ಜಾಗ ಬೇಕಲ್ಲ.

ಅವರು ಮುಟ್ಟದೆ ಬಿಡುವುದು ಅಕ್ಕ ಬೆಳಕು ನೋಡಲು ತೆಗೆದ ಫೋಟೋಗಳನ್ನು ಮಾತ್ರ. ನೆಂಟರು ಬರುವ ಮುಂಚೆ ಖಾಲಿ ಹಾಲ್‌ನಲ್ಲಿ, ಮದುಮಗಳ ಕುರ್ಚಿಯ ಮೇಲೆ ಕೈಗೆ ಸಿಕ್ಕವರನ್ನು ಕೂರಿಸಿ, ಫ್ಲ್ಯಾಶ್ ಇಲ್ಲದೆ ನಾಲ್ಕಾರು ತೆಗೆಯುವುದು ಅವಳ ರೂಢಿ. ಯಾವ ಹಾಲ್‌ನಲ್ಲಿ ಕಿಟಕಿಯ ಬೆಳಕು ಹೇಗೆ ಬೀಳುತ್ತದೆ ಎಂಬುದು ಮುಂದಕ್ಕೂ ಬೇಕಾಗುತ್ತದೆಂದು ಅವನ್ನು ಬೇರೆಯೇ ಇಟ್ಟಿರುತ್ತಾಳೆ. ಆಲ್ಬಮ್‌ಗೆ ಹೋಗದ ಫೋಟೋಗಳು ಅವು, ಭಾವ ತೆರೆದೂ ನೋಡುವುದಿಲ್ಲ.

ಒಂದು ದಿನ ಒಬ್ಬ ಹುಡುಗಿ ಆಲ್ಬಮ್ ಎದೆಗವಚಿಕೊಂಡು ಬಂದಳು. ಹೊಸದಾಗಿ ಮದುವೆಯಾದವಳು, ಫೋಟೋ ಆರಿಸುವುದನ್ನು ಪೂರ್ತಿ ನಮಗೇ ಬಿಟ್ಟಿದ್ದವಳು, ಇನ್ನೇನು ಗಂಡನ ಊರಿಗೆ ಹೊರಡುವವಳು. ಜಗಳಕ್ಕೇ ಬಂದಿದ್ದಾಳೆಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೆ. ಅವಳು ಜಗಳವಾಡಲಿಲ್ಲ.

"ಅಕ್ಕಾ, ಇದ್ರಲ್ಲಿ ನಮ್ಮಪ್ಪ ಎಲ್ಲೂ ಇಲ್ಲ," ಎಂದಳು.

ಪುಟ ತಿರುವಿ ನೋಡಿದೆವು. ಒಂದರಲ್ಲಿ ಅವರ ಭುಜ, ಒಂದರಲ್ಲಿ ಬೆನ್ನು, ಇನ್ನೊಂದರಲ್ಲಿ ಹೂವಿನ ಹಿಂದೆ ಅರ್ಧ ಕಿವಿ. ಭಾವ ಒಳಗಿನಿಂದ ಬಂದು ನೋಡಿ ಬೆಪ್ಪಾದರು. ಫ್ಲ್ಯಾಶ್ ಹೊಳೆದಾಗಲೆಲ್ಲ ಆ ಮನುಷ್ಯ ಕಣ್ಣು ಮುಚ್ಚಿದ್ದರು. ಒಂದೊಂದನ್ನೇ ಎತ್ತಿ ಹಾಕುವಾಗ, ಎಲ್ಲದರ ಜೊತೆಗೂ ಒಬ್ಬರೇ ಹೋಗುತ್ತಿದ್ದಾರೆಂದು ಭಾವನಿಗೆ ಹೊಳೆದಿರಲಿಲ್ಲ. ಕಣ್ಣು ಮುಚ್ಚಿದ್ದರೂ ಪರವಾಗಿಲ್ಲ, ಗಂಡನ ಮನೆಯ ಗೋಡೆಗೆ ಹಾಕಲು ಒಂದು ಕೊಡಿ ಎಂದು ಹುಡುಗಿ ಕೇಳಿಕೊಂಡಳು. ನೆಂಟರ ಫೋನುಗಳಲ್ಲಿ ಹುಡುಕಿದ್ದಳಂತೆ, ಅವುಗಳಲ್ಲೆಲ್ಲ ಅವರವರದೇ ಮುಖ. ಎಲ್ಲ ಅಳಿಸಿಹೋಗಿದೆ ಎಂದು ಭಾವ ಹೇಳಬೇಕಾಯಿತು. ಯಾವಾಗಲೂ ರೇಗುವ ನನಗೂ ಯಾರ ಮೇಲೆ ರೇಗಬೇಕೆಂದು ತಿಳಿಯಲಿಲ್ಲ.

ಅಕ್ಕ ಮಾತ್ರ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು.

"ಅವತ್ತು ಬೆಳಿಗ್ಗೆ ಕುರ್ಚಿ ಜೋಡಿಸ್ತಿದ್ರಲ್ಲ, ಅವರೇನಾ ನಿಮ್ಮಪ್ಪ?"

ಅವರೇ, ಅಪ್ಪನಿಗೆ ಸುಮ್ಮನೆ ಕೂತು ಗೊತ್ತಿಲ್ಲ ಎಂದಳು ಹುಡುಗಿ. ಯಾರೋ ಹಾಲ್ ಕೆಲಸದವರೆಂದುಕೊಂಡು ತಾನು ಅವರನ್ನೇ ಕರೆದು ಕೂರಿಸಿದ್ದೆ, ಆಮೇಲೆ ಪೇಟ ಶಲ್ಯದಲ್ಲಿ ಗುರುತೇ ಸಿಗಲಿಲ್ಲ ಎನ್ನುತ್ತ ಅಕ್ಕ ಹಿಂದಿನ ಕೋಣೆಗೆ ನಡೆದಳು. ನಾವೆಲ್ಲ ಹಿಂದೆಯೇ ಹೋದೆವು. ಅವಳು ಬೆಳಕಿನ ಫೋಟೋಗಳನ್ನು ತೆರೆದಳು.

ಮದುಮಗಳ ಕುರ್ಚಿಯಲ್ಲಿ, ಅಂಗಿಯ ತೋಳು ಮೇಲಕ್ಕೆ ಮಡಚಿದ ಅಪ್ಪ ಕೂತಿದ್ದರು. ಕಣ್ಣು ಅಗಲವಾಗಿ ತೆರೆದು ನಗುತ್ತಿದ್ದರು. ಮುಂದಿನದರಲ್ಲಿ ಪಕ್ಕದ ಬಾಗಿಲಿಂದ ಮಗಳೂ ಬಂದಿದ್ದಳು. ಅರ್ಧ ಹೆಣೆದ ಜಡೆ, ಹಲ್ಲಿನಲ್ಲಿ ಕಚ್ಚಿದ ಪಿನ್ನು. ತನ್ನ ಜಾಗದಲ್ಲಿ ಅಪ್ಪ ಕೂತದ್ದು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹುಡುಗಿ ಅದನ್ನು ನೋಡಿ ನಗುತ್ತಲೇ ಅತ್ತಳು. ಭಾವ ಕನ್ನಡಕ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದರು. ಆಲ್ಬಮ್ಮಿನ ಮೊದಲ ಪುಟ ಬದಲಾಯಿತು.

ಹೊಸ ಆಲ್ಬಮ್ ಒಯ್ಯಲು ಹುಡುಗಿಯ ಅಪ್ಪ ಅಮ್ಮನೇ ಬಂದರು. ಅಪ್ಪ ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು.

"ನಮ್ಮ ಮದುವೆ ಫೋಟೋದಲ್ಲೂ ಕಣ್ಣು ಮುಚ್ಕೊಂಡೇ ಇದೀನಮ್ಮ. ನನ್ನ ಮುಖಾನೇ ಹಾಗೆ ಅಂದ್ಕೊಂಡಿದ್ದೆ," ಎಂದರು.

"ಇಷ್ಟು ವರ್ಷ ನಿದ್ದೆ ಮಾಡೋ ಗಂಡನ್ನೇ ಗೋಡೆಗೆ ಹಾಕ್ಕೊಂಡಿದೀನಿ ನಾನು," ಎಂದರು ಅಮ್ಮ.

ಅಕ್ಕ ಸೋಫಾವನ್ನು ಕಿಟಕಿಯ ಬಳಿಗೆ ಎಳೆಸಿದಳು. ಸ್ವಲ್ಪ ಬೆಳಕು ನೋಡಬೇಕು, ಇಬ್ಬರೂ ಹೀಗೆ ಕೂತಿರಿ ಎಂದಳು. ಫೋಟೋ ಆಮೇಲೆ ತೆಗೆಯುತ್ತಾರೆಂದುಕೊಂಡು ಅವರು ಹಾಯಾಗಿ ಕೂತು, ಸೋಫಾ ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂದು ವಾದಕ್ಕಿಳಿದರು. ಯಾವಾಗ ತೆಗೆಯುತ್ತೀರಿ ಎಂದು ಅಪ್ಪ ಕೇಳುವ ಹೊತ್ತಿಗೆ ಅಕ್ಕ ಕ್ಯಾಮೆರಾ ಕೆಳಗಿಟ್ಟಿದ್ದಳು.

ಆರಿಸಲು ಭಾವ ಕೂತರು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದರಲ್ಲಿ ಗಂಡ ಕಣ್ಣರಳಿಸಿ ಹೆಂಡತಿಯನ್ನು ನೋಡುತ್ತಿದ್ದರು. ಹೆಂಡತಿ ನಗು ತಡೆಯಲಾರದೆ ಕಣ್ಣು ಮುಚ್ಚಿದ್ದರು. ಭಾವ ಅದನ್ನು ಎತ್ತಿ ಹಾಕಲಿಲ್ಲ.